ಗುರಿಗೊಂದು ಪಿಸ್ತೂಲು: ನಂಬಿಕೆಯ ಒಂದೂವರೆ ಶತಮಾನ

ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಹುಸ್ಕೂರು, ಮದ್ದೂರಮ್ಮನ ಜಾತ್ರೆಗೆ ಹೆಸರಾದ ಊರು. ಸುತ್ತಲ ಹಳ್ಳಿಗಳಿಂದ ಗೋಪುರದೆತ್ತರದ ತೇರುಗಳನ್ನು ಎಳೆದು ತರುವುದು ಅಲ್ಲಿಯ ಪದ್ಧತಿ. ನಮ್ಮ ಕಡೆಯ ಇಂಥ ಯಾವ ಜಾತ್ರೆಗೆ ಹೋದರೂ ಬತ್ತಾಸು, ಬಳೆ, ಆಟದ ಸಾಮಾನಿನ ಅಂಗಡಿಗಳ ನಡುವೆ ಎಲ್ಲಾದರೊಂದು ಕಡೆ ಬಲೂನುಗಳನ್ನು ಸಾಲಾಗಿ ಕಟ್ಟಿದ ಹಲಗೆಯೊಂದು ಕಣ್ಣಿಗೆ ಬೀಳುತ್ತದೆ. ಅದರೆದುರು ಒಂದು ಮೇಜು, ಮೇಜಿನ ಮೇಲೆ ಹಳೆಯ ಏರ್‌ಗನ್. ನಾಲ್ಕಾರು ಗುಂಡುಗಳಿಗೆ ಇಷ್ಟು ಎಂದು ದುಡ್ಡು ಕೊಟ್ಟು ಹುಡುಗರು ಗುರಿ ಹಿಡಿಯುತ್ತಾರೆ. ಒಂದು ಬಲೂನು ‘ಢಬ್’ ಎಂದರೆ ಸುತ್ತ ನಿಂತವರಿಗೂ ಸಂತೋಷ. ಬೇಟೆಯೂ ಅಲ್ಲದ, ಯುದ್ಧವೂ ಅಲ್ಲದ ಈ ಗುರಿಯಾಟದ ಖುಷಿ ಮನುಷ್ಯನಿಗೆ ಬಹಳ ಹಳೆಯದು.

ಈ ಖುಷಿಯನ್ನು ಜಾತ್ರೆಯಿಂದಾಚೆಗೂ ಮುಂದುವರಿಸಬೇಕೆನ್ನುವವರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಂಥ ಪ್ರದೇಶಗಳಲ್ಲಿ ಹೆಚ್ಚುತ್ತಿದ್ದಾರೆ. ಕೆಲಸದ ನಿಮಿತ್ತ ಅಮೆರಿಕಕ್ಕೆ ಹೋಗಿಬಂದ ಎಂಜಿನಿಯರನು ಅಲ್ಲಿಯ ರೇಂಜಿನಲ್ಲಿ ಒಂದು ಮಧ್ಯಾಹ್ನ 0.22 ಪಿಸ್ತೂಲು ಹಿಡಿದು ಕಾಗದದ ಗುರಿಗೆ ಹೊಡೆದು ಬಂದಿರುತ್ತಾನೆ. ಒಲಿಂಪಿಕ್ಸ್ ಪದಕಗಳನ್ನು ಟಿ.ವಿ.ಯಲ್ಲಿ ಕಂಡ ಮಗಳು ತಾನೂ ಶೂಟಿಂಗ್ ಕಲಿಯಬೇಕೆನ್ನುತ್ತಾಳೆ. ಆಗ ಮೊದಲು ಏಳುವ ಪ್ರಶ್ನೆ: ಯಾವ ಪಿಸ್ತೂಲು ಕೊಳ್ಳಬೇಕು? ಅಮೆರಿಕದಲ್ಲಿ ಇದಕ್ಕೆ ಉತ್ತರ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ನಮ್ಮಲ್ಲಿ ಅದು ಕಾನೂನಿನ ಪುಸ್ತಕದಲ್ಲಿದೆ. ಆ ಪುಸ್ತಕದ ಹಿಂದೆ, ಆಳುವವರು ಯಾರ ಕೈಗೆ ಆಯುಧ ಕೊಡಲು ಒಪ್ಪಿದರು, ಯಾರನ್ನು ನಂಬಲಿಲ್ಲ ಎಂಬ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಅದನ್ನು ತಿಳಿಯದೆ ಪಿಸ್ತೂಲಿನ ಆಯ್ಕೆಯ ಮಾತು ಅರ್ಥವಾಗುವುದಿಲ್ಲ.

ಅಂಚಿನಲ್ಲಿ ಅಡಗಿದ ಕಿಡಿ

ಮಲೆನಾಡಿನವರಿಗೆ ‘ಕೇಪಿನ ಕೋವಿ’ ಗೊತ್ತು. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಟ್ಟಿಸಿ, ಹಿಂದುಗಡೆ ಒಂದು ಪುಟ್ಟ ತಾಮ್ರದ ಕೇಪು ಇಟ್ಟು ಸುತ್ತಿಗೆಯಿಂದ ಹೊಡೆಸಿದರೆ ಕೇಪಿನ ಕಿಡಿ ಮದ್ದಿಗೆ ತಗಲುತ್ತದೆ. ಕೇಪು, ಮದ್ದು, ಗುಂಡು ಮೂರನ್ನೂ ಒಂದೇ ಲೋಹದ ಕೊಳವೆಯೊಳಗೆ ಸೇರಿಸಿದರೆ ಅದೇ ತೋಟಾ. ಈ ಕೇಪನ್ನು ತೋಟಾದ ತಳದಲ್ಲಿ ಎಲ್ಲಿ ಇಡಬೇಕು ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನ ಎರಡು ಉತ್ತರಗಳನ್ನು ಕಂಡುಕೊಂಡಿತು. ತಳದ ನಡುಮಧ್ಯೆ ಇಟ್ಟರೆ ಅದು ಸೆಂಟರ್‌ಫೈರ್. ತಳದ ಸುತ್ತಲಿನ ಮಡಿಕೆಯಂಚಿನೊಳಗೇ ಕಿಡಿಮದ್ದನ್ನು ತುಂಬಿಬಿಟ್ಟರೆ ಅದು ರಿಮ್‌ಫೈರ್, ಅಂದರೆ ಅಂಚಿನಲ್ಲಿ ಸಿಡಿಯುವ ತೋಟಾ.

1845ರಲ್ಲಿ ಫ್ರಾನ್ಸಿನ ಲೂಯಿ ನಿಕೊಲಾ ಫ್ಲೊಬೇರ್ ಎಂಬ ಕೋವಿ ತಯಾರಕ ಒಂದು ಸಣ್ಣ ಉಪಾಯ ಮಾಡಿದ. ಕೇಪಿನ ಬಾಯಿಗೇ ಒಂದು ಪುಟ್ಟ ಸೀಸದ ಗುಂಡು ಕೂರಿಸಿದ. ಬೇರೆ ಮದ್ದೇ ಬೇಕಿಲ್ಲ, ಕೇಪಿನ ಬಲವೇ ಸಾಕು. ಇದನ್ನು ಯಾರೂ ಯುದ್ಧಕ್ಕೆ ಒಯ್ಯಲಿಲ್ಲ. ಮನೆಯ ನಡುಮನೆಯಲ್ಲಿ, ತೋಟದಲ್ಲಿ ಗುರಿಯಾಡಲು ಬಳಸಿದರು. ಅಲ್ಲಿಂದ ಅದು ಯೂರೋಪಿನ ಜಾತ್ರೆಗಳ ಗುರಿಯಂಗಡಿಗಳಿಗೂ ಹೋಯಿತು. ಅಂದರೆ ರಿಮ್‌ಫೈರ್ ತೋಟಾ ಹುಟ್ಟಿನಿಂದಲೇ ಆಟದ ತೋಟಾ. ಹುಸ್ಕೂರಿನ ಬಲೂನು ಹಲಗೆಗೂ ಅದಕ್ಕೂ ದೂರದ ನಂಟಿದೆ ಎನ್ನಬಹುದು.

1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಕಂಪನಿ ಇದೇ ತತ್ವದ 0.22 ಅಂಗುಲದ ತೋಟಾವನ್ನೂ ಅದಕ್ಕೆಂದೇ ಒಂದು ಪುಟ್ಟ ರಿವಾಲ್ವರನ್ನೂ ಹೊರತಂದಿತು. 1887ರಲ್ಲಿ ಅಮೆರಿಕದ್ದೇ ಸ್ಟೀವನ್ಸ್ ಕಂಪನಿ ‘0.22 ಲಾಂಗ್ ರೈಫಲ್’ ಎಂಬ ತೋಟಾವನ್ನು ರೂಪಿಸಿತು. ಹೆಸರಿನಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಅದೇ. ಒಂದೇಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದರೂ ಅದರ ಅಳತೆ ಬದಲಾಗಿಲ್ಲ; ಜಗತ್ತಿನಾದ್ಯಂತ ಗುರಿಯ ಅಭ್ಯಾಸಕ್ಕೆ ಇಂದಿಗೂ ಅದೇ ಮೊದಲ ತೋಟಾ.

ಸೈನ್ಯಗಳು ಮಾತ್ರ ರಿಮ್‌ಫೈರನ್ನು ಬೇಗನೆ ಕೈಬಿಟ್ಟವು. ಇದಕ್ಕೆ ಕಾರಣ ಸರಳವಾಗಿದೆ. ಸುತ್ತಿಗೆಯ ಪೆಟ್ಟಿಗೆ ಅಂಚು ನಜ್ಜಾಗಬೇಕಾದರೆ ಹಿತ್ತಾಳೆ ತೆಳ್ಳಗಿರಬೇಕು. ತೆಳ್ಳಗಿದ್ದರೆ ಹೆಚ್ಚು ಮದ್ದಿನ ಒತ್ತಡ ತಡೆಯದು. ಆದ್ದರಿಂದ ದೊಡ್ಡ ಗುಂಡುಗಳೆಲ್ಲ ಸೆಂಟರ್‌ಫೈರ್ ಆದವು, ರಿಮ್‌ಫೈರ್ ಚಿಕ್ಕದಾಗಿಯೇ ಉಳಿಯಿತು. ಅದರ ಈ ದೌರ್ಬಲ್ಯವೇ ಕಲಿಯುವವನಿಗೆ ವರವಾಯಿತು. ಸದ್ದು ಕಡಿಮೆ, ಹಿಂದೊದೆತ ಕಡಿಮೆ, ಖರ್ಚೂ ಕಡಿಮೆ. ಕೈ ಬೆದರದೆ ದಿನಕ್ಕೆ ಐವತ್ತು ಗುಂಡು ಹಾರಿಸಬಹುದು. ಒಮ್ಮೆ ಹೊಡೆದ ತೋಟಾವನ್ನು ಮತ್ತೆ ತುಂಬಲಾಗದು ಎಂಬುದೂ, ಅಂಚಿನಲ್ಲಿ ಕಿಡಿಮದ್ದು ಸಮನಾಗಿ ಹರಡದಿದ್ದರೆ ಆಗೊಮ್ಮೆ ಈಗೊಮ್ಮೆ ಗುಂಡು ಸಿಡಿಯದೆ ಉಳಿಯುತ್ತದೆ ಎಂಬುದೂ ಅದರ ಕೊರತೆಗಳು.

ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ (1899–1902) ತಮ್ಮ ಸೈನಿಕರ ಗುರಿ ಎಷ್ಟು ಕಳಪೆಯಾಗಿದೆ ಎಂಬುದನ್ನು ಬ್ರಿಟಿಷರು ಕಂಡರು. ಆ ಬಳಿಕ ಲಾರ್ಡ್ ರಾಬರ್ಟ್ಸ್‌ನ ಪ್ರೋತ್ಸಾಹದಿಂದ ಇಂಗ್ಲೆಂಡಿನಲ್ಲಿ ಕಿರು ರೈಫಲ್ ಕ್ಲಬ್ಬುಗಳು ಎದ್ದವು. 0.22 ರೈಫಲುಗಳು ಸಾಮ್ರಾಜ್ಯದ ಉದ್ದಗಲಕ್ಕೂ ಅಭ್ಯಾಸದ ಆಯುಧವಾದವು. 1948ರಲ್ಲಿ ಸ್ವತಂತ್ರ ಭಾರತ ಎನ್.ಸಿ.ಸಿ. ಆರಂಭಿಸಿದಾಗಲೂ ವಿದ್ಯಾರ್ಥಿಗಳ ಕೈಗೆ ಬಂದದ್ದು ಇದೇ. ಖಾಕಿ ತೊಟ್ಟು, ನೆಲಕ್ಕೆ ಕವುಚಿ ಮಲಗಿ, ‘ಪಾಯಿಂಟ್ ಟೂ ಟೂ’ ರೈಫಲಿನಲ್ಲಿ ಗುಂಡು ಹಾರಿಸಿದ ನೆನಪು ಕರ್ನಾಟಕದ ಸಾವಿರಾರು ಕಾಲೇಜು ವಿದ್ಯಾರ್ಥಿಗಳದ್ದು. ಹೀಗೆ ರೈಫಲಿನ ರೂಪದಲ್ಲಿ ರಿಮ್‌ಫೈರ್ ನಮ್ಮವರಿಗೆ ಪರಿಚಿತವೇ. ಪಿಸ್ತೂಲಿನ ರೂಪದಲ್ಲಿ ಮಾತ್ರ ಅದು ದೂರವೇ ಉಳಿಯಿತು.

ಯಾರನ್ನು ನಂಬಬಹುದು?

1857ರ ಬಂಡಾಯದ ನಂತರ ಬ್ರಿಟಿಷರು ಭಾರತೀಯರ ಕೈಯಿಂದ ಆಯುಧ ಕಿತ್ತುಕೊಳ್ಳಲು ತೊಡಗಿದರು. ಆದರೆ ಎಲ್ಲರ ಕೈಯಿಂದಲೂ ಅಲ್ಲ. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರುವರಿಯಲ್ಲಿ ಹೊರಡಿಸಿದ ಪ್ರಕಟಣೆಯಂತೆ ಕೊಡಗಿನವರಿಗೆ ನಿಶ್ಶಸ್ತ್ರೀಕರಣ ಕಾನೂನಿನಿಂದ ವಿನಾಯಿತಿ ದೊರೆಯಿತು. ಅವರ ನಿಷ್ಠೆಗೆ ಕೊಟ್ಟ ಬಹುಮಾನ ಅದು. ಸ್ವಾತಂತ್ರ್ಯಾನಂತರವೂ 1963ರ ಅಧಿಸೂಚನೆಯ ಮೂಲಕ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ತಿರಸ್ಕರಿಸಿ 2021ರಲ್ಲಿ ರಾಜ್ಯ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್‌ಪೋದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಕೊಡಗಿನ ಪಂದ್ಯ ಕರ್ನಾಟಕದಲ್ಲಿ ಗುರಿಯಾಟಕ್ಕಿರುವ ಅತ್ಯಂತ ಜೀವಂತ ಪರಂಪರೆ.

1878ರಲ್ಲಿ ಲಾರ್ಡ್ ಲಿಟ್ಟನ್ನನ ಆಡಳಿತ ಜಾರಿಗೆ ತಂದ ಆಯುಧ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಈ ತಾರತಮ್ಯವನ್ನು ನಿಯಮವಾಗಿಸಿತು. ಭಾರತೀಯನಿಗೆ ಲೈಸೆನ್ಸ್ ಬೇಕು. ಯೂರೋಪಿಯನ್ನರಿಗೆ, ಆಂಗ್ಲೋ-ಇಂಡಿಯನ್ನರಿಗೆ ವಿನಾಯಿತಿ. ಆಯುಧ ಇಟ್ಟುಕೊಳ್ಳುವುದು ಹುಟ್ಟಿನ ಪ್ರಶ್ನೆಯಾಯಿತು.

ಇದೇ ಕಾಲಕ್ಕೆ ಇಂದಿನ ವೈಟ್‌ಫೀಲ್ಡ್ ಹುಟ್ಟಿತು. ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದ ಸ್ಥಾಪಕ ಡಿ. ಎಸ್. ವೈಟ್ ಅವರ ಪ್ರಯತ್ನದ ಫಲವಾಗಿ 1882ರಲ್ಲಿ ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿಯನ್ನು ಆ ಸಮುದಾಯದ ವಸಾಹತಿಗೆಂದು ನೀಡಿದರು. ಬೇಸಾಯ ಮಾಡಿ ಬದುಕುವ ಕನಸಿನ ಊರು ಅದು. ಅತ್ತ ದಂಡುಪ್ರದೇಶದಲ್ಲಿ 1868ರಿಂದಲೇ ‘ಬೆಂಗಳೂರು ರೈಫಲ್ ವಾಲಂಟಿಯರ್ಸ್’ ಎಂಬ ನಾಗರಿಕ ಪಡೆ ಇತ್ತು. ಮುಂದೆ 1920ರಲ್ಲಿ ಇಂಥ ಪಡೆಗಳೆಲ್ಲ ‘ಆಕ್ಸಿಲಿಯರಿ ಫೋರ್ಸ್’ ಎಂಬ ಹೆಸರಿನಡಿ ಬಂದವು. ರೈಲ್ವೆಯ ಕೆಲಸಕ್ಕೆ ಸೇರಿದ ಆಂಗ್ಲೋ-ಇಂಡಿಯನ್ನರು ಈ ಪಡೆಗೂ ಸೇರಬೇಕಿತ್ತು. ಹೀಗಾಗಿ ಗಂಡಸರು ವಾರಕ್ಕೊಮ್ಮೆ ಕವಾಯತು, ಆಗಾಗ ಗುರಿಯ ಅಭ್ಯಾಸ ಮಾಡುವುದು ಆ ಸಮುದಾಯದ ಮನೆಗಳಲ್ಲಿ ಸಾಮಾನ್ಯ ಸಂಗತಿಯಾಗಿತ್ತು. ಕೊಡಗಿನವನಿಗೆ ನಿಷ್ಠೆಯಿಂದ ಸಿಕ್ಕಿದ್ದು ಇವರಿಗೆ ರಕ್ತಸಂಬಂಧದಿಂದ ಸಿಕ್ಕಿತು. ಪಕ್ಕದ ಹಳ್ಳಿಯ ರೈತನಿಗೆ ಎರಡೂ ಇರಲಿಲ್ಲ.

ಈ ಅವಮಾನವನ್ನು ಸ್ವಾತಂತ್ರ್ಯ ಚಳವಳಿ ಮರೆಯಲಿಲ್ಲ. ಅಹಿಂಸೆಯ ಪ್ರತಿಪಾದಕರಾದ ಗಾಂಧೀಜಿಯವರೇ ಇಡೀ ಜನಾಂಗವನ್ನು ನಿಶ್ಶಸ್ತ್ರಗೊಳಿಸಿದ ಕಾನೂನನ್ನು ಬ್ರಿಟಿಷ್ ಆಡಳಿತದ ಅತಿ ಕೆಟ್ಟ ಕೃತ್ಯಗಳ ಸಾಲಿಗೆ ಸೇರಿಸಿದ್ದರು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನ ಅಂಗೀಕರಿಸಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು.

ಸಂವಿಧಾನ ರಚನಾ ಸಭೆಯಲ್ಲಿ ಈ ಮಾತನ್ನು ಮತ್ತೆ ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. ಐ.ಸಿ.ಎಸ್. ತೊರೆದು ಸುಭಾಷರ ಜೊತೆಗೂಡಿದ್ದ ಕಾಮತರು 1948ರ ಡಿಸೆಂಬರಿನಲ್ಲಿ, ಆಯುಧ ಹೊಂದುವ ಹಕ್ಕನ್ನೂ ನಾಗರಿಕ ಸ್ವಾತಂತ್ರ್ಯಗಳ ಪಟ್ಟಿಗೆ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಆಯುಧವನ್ನು ಎಲ್ಲರಿಗೂ ಹಕ್ಕಾಗಿ ಕೊಟ್ಟರೆ ಅದನ್ನು ನಿಯಂತ್ರಿಸುವ ಶಕ್ತಿ ರಾಜ್ಯಕ್ಕೆ ಉಳಿಯದೆಂಬುದು ಅವರ ವಾದದ ತಿರುಳು. ದೇಶ ವಿಭಜನೆಯ ರಕ್ತ ಇನ್ನೂ ಆರದಿದ್ದ ಕಾಲವದು. ತಿದ್ದುಪಡಿ ಬಿದ್ದುಹೋಯಿತು. ಅಮೆರಿಕದ ಸಂವಿಧಾನಕ್ಕೂ ನಮ್ಮದಕ್ಕೂ ಈ ವಿಷಯದಲ್ಲಿ ಇರುವ ಅಂತರ ಅಂದೇ ನಿಶ್ಚಿತವಾಯಿತು. ನಮ್ಮಲ್ಲಿ ಆಯುಧ ಹಕ್ಕಲ್ಲ, ಕಾನೂನು ಕೊಡುವ ಅನುಮತಿ.

ರೈಫಲಿಗೆ ಬಾಗಿಲು, ಪಿಸ್ತೂಲಿಗೆ ಹೊಸ್ತಿಲು

ಗುರಿಯಾಟವನ್ನು ಕ್ರೀಡೆಯಾಗಿ ಬೆಳೆಸಬೇಕೆಂಬ ಆಸೆಯೂ ಹೊಸ ಗಣರಾಜ್ಯಕ್ಕಿತ್ತು. 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಮೊದಲ ಅಧ್ಯಕ್ಷರು ಲೋಕಸಭೆಯ ಪ್ರಥಮ ಸ್ಪೀಕರ್ ಜಿ. ವಿ. ಮಾವಳಂಕರ್. 1959ರ ಆಯುಧ ಕಾಯಿದೆ (ಜಾರಿಗೆ ಬಂದದ್ದು 1962ರಲ್ಲಿ) ಹುಟ್ಟಿನ ತಾರತಮ್ಯವನ್ನು ಬಹುಪಾಲು ಅಳಿಸಿ, ಅದರ ಜಾಗದಲ್ಲಿ ಉದ್ದೇಶವನ್ನು ಅಳೆಯತೊಡಗಿತು. ಆಯುಧ ಯಾಕೆ ಬೇಕು ಎಂಬುದೇ ಮುಖ್ಯ ಪ್ರಶ್ನೆಯಾಯಿತು.

ಈ ಕಾಯಿದೆಯ 13ನೇ ಕಲಮಿನಲ್ಲಿ ಸಾಮಾನ್ಯ ಓದುಗರು ಗಮನಿಸದ ಒಂದು ಸಂಗತಿಯಿದೆ. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ರೈಫಲ್ ಕ್ಲಬ್ ಅಥವಾ ಸಂಘದ ಸದಸ್ಯನು ಗುರಿಯ ಅಭ್ಯಾಸಕ್ಕೆ 0.22 ರೈಫಲ್ ಇಲ್ಲವೆ ಏರ್ ರೈಫಲ್ ಕೇಳಿದರೆ, ಬೇರೆ ಆಕ್ಷೇಪವಿಲ್ಲದಿದ್ದಲ್ಲಿ ಅಧಿಕಾರಿ ಲೈಸೆನ್ಸ್ ಕೊಡತಕ್ಕದ್ದು ಎಂದು ಕಾನೂನು ಹೇಳುತ್ತದೆ. ಅಷ್ಟು ನಂಬಿಕೆಯನ್ನು ರಾಜ್ಯ ಆ ಚಿಕ್ಕ ತೋಟಾದ ಮೇಲೆ ಇಟ್ಟಿತು. ಅದೇ ತೋಟಾ ಹಾಕುವ ಪಿಸ್ತೂಲಿನ ಹೆಸರು ಮಾತ್ರ ಅಲ್ಲಿಲ್ಲ. ಪಿಸ್ತೂಲು ಬೇಕಾದರೆ ‘ಸಕಾರಣ’ ಇದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಗುಂಡು ಒಂದೇ ಆದರೂ, ರೈಫಲನ್ನು ಅಂಗಿಯೊಳಗೆ ಬಚ್ಚಿಡಲಾಗದು, ಪಿಸ್ತೂಲನ್ನು ಬಚ್ಚಿಡಬಹುದು. ಕಾನೂನು ಹೆದರಿದ್ದು ಗುಂಡಿಗಲ್ಲ, ಜೇಬಿಗೆ.

ಇಂದು ಬೆಂಗಳೂರು ನಗರ ವ್ಯಾಪ್ತಿಯಲ್ಲಿ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರರದ್ದು. ಕಮಿಷನರೇಟ್ ಇಲ್ಲದ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟರದ್ದು. 21 ವರ್ಷ ತುಂಬಿರಬೇಕು. 2016ರ ಆಯುಧ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಆಯುಧವನ್ನು ಭದ್ರವಾಗಿಡುವ ಏರ್ಪಾಡು ಎಲ್ಲ ಬೇಕು. ಪೊಲೀಸ್ ವಿಚಾರಣೆ ಇದ್ದೇ ಇದೆ. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕಿಳಿಸಿತು. ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೇರಿಸಿತು. ಸ್ಪರ್ಧೆಗಳಲ್ಲಿ ಹೆಸರು ಮಾಡಿದ ಶೂಟರುಗಳಿಗೆ ಸಂಖ್ಯೆಯಲ್ಲಿ ರಿಯಾಯಿತಿ ಉಂಟು, ವಿದೇಶಿ ಆಯುಧ ತರಿಸಿಕೊಳ್ಳಲು ಅವಕಾಶವೂ ಉಂಟು. ಭಾನುವಾರ ನಾಲ್ಕು ಗುಂಡು ಹಾರಿಸಿ ಮನಸ್ಸು ಹಗುರ ಮಾಡಿಕೊಳ್ಳಬೇಕೆನ್ನುವವನಿಗೆ ಅಂಥ ರಿಯಾಯಿತಿ ಇಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ‘ನಿಡರ್’ ಎಂಬ 0.22 ರಿವಾಲ್ವರ್ ತಯಾರಾಯಿತಾದರೂ ಅದು ಆತ್ಮರಕ್ಷಣೆಗೆಂದು ಮಾಡಿದ ಗಿಡ್ಡ ನಳಿಗೆಯ ಆಯುಧ, ಗುರಿಯಾಟಕ್ಕಲ್ಲ.

ಹೊರದೇಶದವರು ಹೇಗೆ ಆರಿಸುತ್ತಾರೆ?

ರಿಮ್‌ಫೈರ್ ಪಿಸ್ತೂಲುಗಳ ಇತಿಹಾಸದಲ್ಲಿ ಕೆಲವು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. 1915ರಲ್ಲಿ ಕೋಲ್ಟ್ ಕಂಪನಿ ಹೊರತಂದ, ಮುಂದೆ ‘ವುಡ್ಸ್‌ಮನ್’ ಎಂದು ಹೆಸರಾದ ಸ್ವಯಂಚಾಲಿತ ಪಿಸ್ತೂಲು ಅವುಗಳಲ್ಲೊಂದು. ಜರ್ಮನಿಯ ವಾಲ್ಥರ್ ಕಂಪನಿಯ ಪಿಸ್ತೂಲು 1936ರ ಬರ್ಲಿನ್ ಒಲಿಂಪಿಕ್ಸಿನಿಂದ ಪ್ರಸಿದ್ಧಿಗೆ ಬಂದು ‘ಒಲಿಂಪಿಯ’ ಎಂದೇ ಕರೆಸಿಕೊಂಡಿತು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕನೊಬ್ಬ ತಂದ ಜಪಾನೀ ನಂಬು ಪಿಸ್ತೂಲನ್ನು ಅಭ್ಯಸಿಸಿದ ಬಿಲ್ ರೂಗರ್ ಎಂಬ ಅಮೆರಿಕನ್ 1949ರಲ್ಲಿ ಮೂವತ್ತೇಳೂವರೆ ಡಾಲರಿಗೆ ಸರಳ 0.22 ಪಿಸ್ತೂಲೊಂದನ್ನು ಮಾರುಕಟ್ಟೆಗೆ ತಂದ. ಅಗ್ಗವಾಗಿಯೂ ಗಟ್ಟಿಯಾಗಿಯೂ ಇದ್ದ ಕಾರಣ ಅದು ಮಧ್ಯಮ ವರ್ಗದ ಪಿಸ್ತೂಲಾಯಿತು.

ಇವೆಲ್ಲಕ್ಕಿಂತ ಸ್ವಾರಸ್ಯದ ಕಥೆ ಸೋವಿಯತ್ ದೇಶದ ಮಿಖಾಯಿಲ್ ಮಾರ್ಗೊಲಿನ್ ಅವರದು. ಯೌವನದಲ್ಲೇ ಕಾಳಗದಲ್ಲಿ ಕಣ್ಣು ಕಳೆದುಕೊಂಡ ಆತ ಬೆರಳ ಸ್ಪರ್ಶದಿಂದಲೇ ಮಾದರಿಗಳನ್ನು ತಿದ್ದಿ, 0.22 ಗುರಿ ಪಿಸ್ತೂಲೊಂದನ್ನು ರೂಪಿಸಿದರು. ಕಣ್ಣಿಲ್ಲದವರು ಮಾಡಿದ ಪಿಸ್ತೂಲಿನಿಂದ ಕಣ್ಣಿದ್ದವರು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಗುರಿ ಹೊಡೆದರು. ಪಿಸ್ತೂಲನ್ನು ಆರಿಸುವಾಗ ಕಣ್ಣಿನ ಮೋಹಕ್ಕಿಂತ ಕೈಯ ಮಾತು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಅನುಭವಸ್ಥರು ಹೇಳುವ ಸೂತ್ರಗಳೂ ಇದನ್ನೇ ಸಾರುತ್ತವೆ. ಹಿಡಿ ಅಂಗೈಗೆ ಒಪ್ಪಬೇಕು. ಕಣ್ಣು ಮುಚ್ಚಿ ಕೈ ಎತ್ತಿ, ಮತ್ತೆ ಕಣ್ಣು ತೆರೆದಾಗ ಹಿಂದಿನ ಗುರಿಗಂಡಿಯ ನಡುವೆ ಮುಂದಿನ ಗುರಿಕಡ್ಡಿ ತಾನಾಗಿಯೇ ಕಾಣಬೇಕು. ನಳಿಗೆ ಸ್ವಲ್ಪ ಉದ್ದವಿದ್ದರೆ ಎರಡು ಗುರಿಗಳ ನಡುವಣ ಅಂತರ ಹೆಚ್ಚಿ, ಕೈಯ ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ. ತೂಕ ಇದ್ದರೆ ಕೈನಡುಕ ತಗ್ಗುತ್ತದೆ, ಅತಿಯಾದರೆ ತೋಳು ದಣಿಯುತ್ತದೆ. ಟ್ರಿಗರ್ ಎಳೆದಾಗ ಜಗ್ಗಾಟವಿಲ್ಲದೆ ಗಾಜಿನ ಕಡ್ಡಿ ಮುರಿದಂತೆ ಬಿಡಬೇಕು. ಗುರಿಕಡ್ಡಿಯನ್ನು ತಿರುಪಿನಿಂದ ಎಡಬಲಕ್ಕೆ, ಮೇಲೆ ಕೆಳಕ್ಕೆ ಹೊಂದಿಸಲು ಬರಬೇಕು. ರಿಮ್‌ಫೈರಿಗೆ ಇನ್ನೊಂದು ಗುಣವಿದೆ. ಒಂದೊಂದು ನಳಿಗೆಗೆ ಒಂದೊಂದು ತೋಟಾ ರುಚಿಸುತ್ತದೆ. ಒಂದು ತಯಾರಿಕೆಯ ತೋಟಾದಲ್ಲಿ ಅಂಟಿಕೊಂಡು ಬೀಳುವ ಗುಂಡುಗಳು ಇನ್ನೊಂದರಲ್ಲಿ ಚದುರಿಹೋಗಬಹುದು. ಹಲವು ಬಗೆ ಹೊಡೆದು ನೋಡಿಯೇ ತಿಳಿಯಬೇಕು.

ಒಂದೂವರೆ ಕಿಲೋಮೀಟರ್ ಮತ್ತು ಹತ್ತು ಮೀಟರ್

ಲೈಸೆನ್ಸ್ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಹೊಡೆಯುವುದೆಲ್ಲಿ? 0.22 ತೋಟಾದ ಸೀಸದ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಸೆಕೆಂಡಿಗೆ 330 ಮೀಟರಿನ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ ಹೊರಡುತ್ತದೆ. ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು. ನಲವತ್ತು ವರ್ಷದ ಹಿಂದೆ ವೈಟ್‌ಫೀಲ್ಡಿನ ಸುತ್ತ ಹೊಲ, ತೋಪು, ಕೆರೆಯಂಗಳ ಇದ್ದವು. ಈಗ ಯಾವ ದಿಕ್ಕಿಗೆ ಒಂದೂವರೆ ಕಿಲೋಮೀಟರ್ ಅಳೆದರೂ ಅಪಾರ್ಟ್‌ಮೆಂಟು, ಶಾಲೆ, ಬಸ್ ನಿಲ್ದಾಣ. ಆದ್ದರಿಂದ 25 ಮೀಟರಿನ ರಿಮ್‌ಫೈರ್ ರೇಂಜಿಗೆ ಮಣ್ಣಿನ ದಿಬ್ಬ, ಎತ್ತರದ ಗೋಡೆ, ತಲೆಯ ಮೇಲೆ ತಡೆ, ಅಧಿಕೃತ ಪರವಾನಗಿ ಎಲ್ಲವೂ ಬೇಕು. ಚಿನ್ನದ ಬೆಲೆಯ ನೆಲದಲ್ಲಿ ಇದು ಸುಲಭವಲ್ಲ. ಖಾಸಗಿ ತೋಟದ ಮನೆಯಲ್ಲಿ ಗೋಡೆಗೆ ಡಬ್ಬಿ ಜೋಡಿಸಿ ಹೊಡೆಯುವುದು ಸಿನಿಮಾಕ್ಕೆ ಸರಿ. ನಿಜಜೀವನದಲ್ಲಿ ಅದು ಅಪರಾಧಕ್ಕೂ ಅನಾಹುತಕ್ಕೂ ದಾರಿ.

ಇಲ್ಲಿ ಏರ್ ಪಿಸ್ತೂಲಿನ ಪ್ರವೇಶವಾಗುತ್ತದೆ. ಹಿಂದಿನ ನಿಯಮದಂತೆ ಏರ್‌ಗನ್ನಿನ ಶಕ್ತಿಯನ್ನು ಹಲಗೆಯಿಂದ ಅಳೆಯುತ್ತಿದ್ದರು. ಐದಡಿ ದೂರದಿಂದ ಹೊಡೆದ ಗುಂಡು ಒಂದಂಗುಲ ದಪ್ಪದ ಮೆದು ಮರದ ಹಲಗೆಯನ್ನು ತೂರಿಹೋಗದಿದ್ದರೆ ಲೈಸೆನ್ಸ್ ಬೇಡ. 2016ರ ನಿಯಮಗಳು ಹಲಗೆಯ ಬದಲು ವಿಜ್ಞಾನದ ಅಳತೆ ತಂದವು. ನಳಿಗೆಯ ವ್ಯಾಸ 0.177 ಅಂಗುಲ ಮೀರದೆ, ಗುಂಡಿನ ಶಕ್ತಿ 20 ಜೂಲ್ ದಾಟದೆ ಇದ್ದರೆ ಲೈಸೆನ್ಸ್ ಬೇಕಿಲ್ಲ. ಪಂದ್ಯದ ಏರ್ ಪಿಸ್ತೂಲಿನ ಅರ್ಧ ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಆರು ಜೂಲಿನೊಳಗೇ. ಮೇಲೆ ಹೇಳಿದ 0.22 ಗುಂಡಿನದು ಸುಮಾರು 140 ಜೂಲ್. ಅಂದರೆ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವ್ಯತ್ಯಾಸ. ಕಾನೂನಿನ ಗೆರೆ ಈ ಎರಡರ ನಡುವೆ ಹಾದುಹೋಗಿದೆ.

ಏರ್ ಪಿಸ್ತೂಲಿಗೆ ಬೇಕಾದದ್ದು ಹತ್ತು ಮೀಟರ್ ಉದ್ದದ ಒಂದು ಕೋಣೆ. ಕಟ್ಟಡದ ಒಂದು ಮಹಡಿಯಲ್ಲೇ ರೇಂಜು ನಡೆಸಬಹುದು. 1988ರಲ್ಲಿ 10 ಮೀಟರ್ ಏರ್ ಪಿಸ್ತೂಲು ಒಲಿಂಪಿಕ್ಸಿಗೆ ಸೇರಿದ ಮೇಲೆ ಅದು ಮಕ್ಕಳ ಆಟವಲ್ಲವೆಂಬುದೂ ಖಚಿತವಾಯಿತು. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್ ಮಾತ್ರ. 25 ಮೀಟರ್ ಪಿಸ್ತೂಲಿನ ನಿಖರತೆಯ ಗುರಿಯಲ್ಲಿ ಅದು 50 ಮಿಲಿಮೀಟರ್. ಕಷ್ಟದಲ್ಲಿ ಗಾಳಿ ಪಿಸ್ತೂಲು ತಮ್ಮನಲ್ಲ, ಅಣ್ಣ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಗೆದ್ದ ಎರಡು ಕಂಚುಗಳೂ ಏರ್ ಪಿಸ್ತೂಲಿನವು. 25 ಮೀಟರ್ ರಿಮ್‌ಫೈರಿನಲ್ಲಿ ಆಕೆಗೆ ನಾಲ್ಕನೆಯ ಸ್ಥಾನ. ಬೆಂಗಳೂರಿನ ಪಿ. ಎನ್. ಪ್ರಕಾಶ್ ವಿದೇಶದಲ್ಲಿ ಸಾಫ್ಟ್‌ವೇರ್ ವೃತ್ತಿಯಲ್ಲಿದ್ದು ಮರಳಿ ಬಂದು ಪಿಸ್ತೂಲನ್ನೇ ಹಿಡಿದವರು. ದೇಶಕ್ಕೆ ಪದಕ ತಂದು 2017ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು.

ಹಾಗಾದರೆ ಯಾವುದು?

ಈ ಎಲ್ಲ ಹಿನ್ನೆಲೆಯಲ್ಲಿ ಆಯ್ಕೆಯ ಕ್ರಮವೇ ನಮ್ಮಲ್ಲಿ ತಿರುಗುಮುರುಗು. ಅಮೆರಿಕನ್ನನು ಮೊದಲು ಪಿಸ್ತೂಲು ಕೊಂಡು ಆಮೇಲೆ ರೇಂಜು ಹುಡುಕುತ್ತಾನೆ. ಇಲ್ಲಿ ಮೊದಲು ರೇಂಜು, ಆಮೇಲೆ ತರಬೇತುದಾರ, ಆಮೇಲೆ ಪಿಸ್ತೂಲು. ಕೆಲವು ತಿಂಗಳು ಕ್ಲಬ್ಬಿನ ಏರ್ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿದರೆ ತನ್ನ ಅಂಗೈ ಚಿಕ್ಕದೋ ದೊಡ್ಡದೋ, ತೋಳು ಎಷ್ಟು ತೂಕ ತಾಳುತ್ತದೆ, ಆಸಕ್ತಿ ಎಷ್ಟು ದಿನ ಉಳಿಯುತ್ತದೆ ಎಂಬುದು ತಿಳಿಯುತ್ತದೆ. ರಿಮ್‌ಫೈರಿನ ರುಚಿ ನೋಡಬೇಕಾದರೆ ಪರವಾನಗಿ ಪಡೆದ ಕ್ಲಬ್ಬಿನ ಪಿಸ್ತೂಲನ್ನು ಅಲ್ಲಿಯೇ, ಅವರ ಕಣ್ಗಾವಲಿನಲ್ಲೇ ಬಳಸುವುದು ಸೂಕ್ತ. ಸ್ಪರ್ಧೆಗಿಳಿದು ಅಂಕ ಗಳಿಸಿದ ಮೇಲೆ ಸ್ವಂತ 0.22 ಪಿಸ್ತೂಲಿನ ಯೋಚನೆಗೆ ಅರ್ಥ ಬರುತ್ತದೆ.

ಸ್ವಂತ ಏರ್ ಪಿಸ್ತೂಲು ಕೊಳ್ಳುವಾಗ ಹೆಸರಿಗಿಂತ ರಿಪೇರಿಯ ಅನುಕೂಲ ನೋಡುವುದು ಲೇಸು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು. ಸರಿಪಡಿಸಿ ಮರಳುವಷ್ಟರಲ್ಲಿ ಅಮೂಲ್ಯ ಸಮಯ ಹೋಗಿತ್ತು. ಫೈನಲ್ ತಪ್ಪಿದ್ದು ಎರಡೇ ಅಂಕಗಳಿಂದ. ಜಗತ್ತಿನ ಉತ್ತಮ ಉಪಕರಣಕ್ಕೂ ಹೀಗಾಗಬಹುದಾದರೆ, ಬಿಡಿಭಾಗ ಸಿಗದ ಪಿಸ್ತೂಲು ಕೊಂಡವನ ಪಾಡು ಹೇಳಬೇಕಿಲ್ಲ. ಗಾಳಿ ತುಂಬಿಸುವ ವ್ಯವಸ್ಥೆ ಹತ್ತಿರದಲ್ಲಿದೆಯೇ, ಸೀಲು ಬದಲಿಸುವವರು ಊರಿನಲ್ಲಿದ್ದಾರೆಯೇ ಎಂದು ವಿಚಾರಿಸಬೇಕು. ಪಂದ್ಯದ ನಿಯಮದಂತೆ ಏರ್ ಪಿಸ್ತೂಲು 1,500 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಎತ್ತಬೇಕು. ಇದನ್ನು ಗಮನಿಸಿ ಕೊಂಡರೆ ಮುಂದೆ ಸ್ಪರ್ಧೆಗೂ ಅದೇ ಆದೀತು.

ಲೈಸೆನ್ಸ್ ಬೇಡವೆಂದರೆ ಎಚ್ಚರ ಬೇಡವೆಂದಲ್ಲ. ಏರ್ ಪಿಸ್ತೂಲಿನ ಗುಂಡೂ ಕಣ್ಣು ತೆಗೆಯಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಹಕ್ಕಿಗೆ ಗುರಿಯಿಡುವುದು ಆಟವಲ್ಲ, ಅಪರಾಧ. ನಳಿಗೆ ಎಂದೂ ಜನರತ್ತ ತಿರುಗಬಾರದು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ರಿಮ್‌ಫೈರಿನಲ್ಲಿ ಗುಂಡು ಸಿಡಿಯದಿದ್ದರೆ ತಕ್ಷಣ ತೆರೆಯದೆ, ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾಯಬೇಕು. ಸೀಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಊಟಕ್ಕೆ ಕೂರಬಾರದು. ಮನೆಯಲ್ಲಿ ಆಯುಧಕ್ಕೆ ಒಂದು ಬೀಗ, ಗುಂಡಿಗೆ ಇನ್ನೊಂದು. ಚುನಾವಣೆ ಬಂದಾಗ ಲೈಸೆನ್ಸ್‌ದಾರರು ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಿ ಬರುವ ಪರಿಪಾಠವೂ ಇದೆ. ರಾಷ್ಟ್ರೀಯ ರೈಫಲ್ ಸಂಸ್ಥೆಯ ಸದಸ್ಯರಾದ ಕ್ರೀಡಾಪಟುಗಳಿಗೆ ಇದರಿಂದ ವಿನಾಯಿತಿಯುಂಟು.

ಪೀಣ್ಯದಂಥ ಕಡೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ಎಚ್.ಎಂ.ಟಿ.ಯ ನೆರಳಿನಲ್ಲಿ ಬೆಳೆದ ಆ ಪ್ರದೇಶದ ಲೇತುಗಳಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಉಕ್ಕು ಕಡೆಯುವ ಕುಶಲಿಗಳಿದ್ದಾರೆ. ಒಂದು ನಳಿಗೆ ಕೊರೆಯುವುದು ಅವರಿಗೆ ದೊಡ್ಡದಲ್ಲ. ಆದರೆ ಪರವಾನಗಿಯಿಲ್ಲದೆ ಬಂದೂಕು ತಯಾರಿಸಿದರೆ 2019ರ ತಿದ್ದುಪಡಿಯಂತೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆ. ಆಟಿಕೆ ಪಿಸ್ತೂಲನ್ನು ನಿಜವಾದುದಾಗಿ ಮಾರ್ಪಡಿಸುವುದಕ್ಕೂ ಕಾನೂನಿನಲ್ಲಿ ಅವಕಾಶವಿಲ್ಲ. ಲೈಸೆನ್ಸಿಲ್ಲದೆ ಸುಮ್ಮನೆ ಬಂದೂಕು ಇಟ್ಟುಕೊಂಡರೂ ಎರಡರಿಂದ ಐದು ವರ್ಷ. ಹವ್ಯಾಸದ ಹೆಸರಿನಲ್ಲಿ ‘ಎಲ್ಲಿಂದಲೋ’ ಒಂದು ಪಿಸ್ತೂಲು ತರಿಸಿಕೊಂಡರೆ ಸಂಸಾರವೇ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ.

1861ರಲ್ಲಿ ನಿಷ್ಠೆ ನೋಡಿ, 1878ರಲ್ಲಿ ಬಣ್ಣ ನೋಡಿ ಆಳುವವರು ನಂಬಿಕೆಯನ್ನು ಹಂಚಿದರು. 1948ರಲ್ಲಿ ನಮ್ಮ ಹಿರಿಯರು ಆ ನಂಬಿಕೆಯನ್ನು ಹಕ್ಕಾಗಿಸಬೇಕೇ ಬೇಡವೇ ಎಂದು ಮುಖಾಮುಖಿ ವಾದಿಸಿ, ಬೇಡವೆಂದು ತೀರ್ಮಾನಿಸಿದರು. ಕಾಮತರ ಮಾತಿನಲ್ಲಿ ಸ್ವಾಭಿಮಾನವಿತ್ತು, ಅಂಬೇಡ್ಕರರ ಮಾತಿನಲ್ಲಿ ಅನುಭವವಿತ್ತು. ಕೊಡಗಿನ ವಿನಾಯಿತಿಯೊಂದನ್ನು ಬಿಟ್ಟರೆ ಇಂದು ಹುಟ್ಟಿನ ಪ್ರಶ್ನೆ ಹೆಚ್ಚುಕಡಿಮೆ ಅಳಿದಿದೆ. ವೈಟ್‌ಫೀಲ್ಡಿನ ಎಂಜಿನಿಯರನೂ ಪೀಣ್ಯದ ಟರ್ನರನ ಮಗಳೂ ಒಂದೇ ಸಾಲಿನಲ್ಲಿ ನಿಂತು, ಹತ್ತು ಮೀಟರಿನಾಚೆಯ ಅದೇ 11.5 ಮಿಲಿಮೀಟರಿನ ಚುಕ್ಕೆಗೆ ಗುರಿಯಿಡಬಹುದು. ಅದಕ್ಕೆ ಯಾರ ನಿಷ್ಠೆಯ ಪತ್ರವೂ ಬೇಡ. ಬೇಕಾದದ್ದು ನಡುಗದ ಕೈ, ತಾಳ್ಮೆ, ಮತ್ತು ಪ್ರತಿ ಗುಂಡಿನ ನಂತರವೂ ನಳಿಗೆಯನ್ನು ಕೆಳಗಿಳಿಸುವ ಅಭ್ಯಾಸ.